ಸಾಕ್ಷಿಯ ಕಟಕಟೆ ಬರಿದಾದರೆ

ಭಾನುವಾರದ ಸಂಜೆ. ನಂದಿ ಬೆಟ್ಟದ ತಂಗಾಳಿಯನ್ನು ಸವಿದು, ತಪ್ಪಲಿನಲ್ಲಿ ಭೋಗನಂದೀಶ್ವರನ ದರ್ಶನ ಮಾಡಿಕೊಂಡು, ದಾರಿಯಲ್ಲಿ ಒಂದು ಬುಟ್ಟಿ ದ್ರಾಕ್ಷಿಯನ್ನೂ ಕೊಂಡು ಬೆಂಗಳೂರಿಗೆ ಹಿಂದಿರುಗುತ್ತಿರುವ ಒಂದು ಕುಟುಂಬವನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಹೆದ್ದಾರಿಗೆ ಬಂದು ಎರಡು ಮೈಲಿ ಸಾಗುವಷ್ಟರಲ್ಲಿ, ಮುಂದೆ ಹೋಗುತ್ತಿದ್ದ ಲಾರಿಯೊಂದು ಮೋಟಾರ್ ಸೈಕಲ್ ಸವಾರನೊಬ್ಬನನ್ನು ಉರುಳಿಸಿ, ನಿಲ್ಲದೆ ಓಡಿಹೋಗುತ್ತದೆ.

"ಏನೂಂದ್ರೆ, ಸ್ವಲ್ಪ ಗಾಡಿ ನಿಲ್ಲಿಸಿ. ಪಾಪ, ಯಾರೋ ಬಿದ್ದುಬಿಟ್ಟರು" ಎನ್ನುತ್ತಾಳೆ ಗೃಹಿಣಿ.

"ಸುಮ್ಮನಿರು. ನಿಂತರೆ ಸಾಕ್ಷಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಚಿಕ್ಕಬಳ್ಳಾಪುರದ ಕೋರ್ಟಿಗೆ ವರ್ಷಗಟ್ಟಲೆ ಅಲೆಯುವವರು ಯಾರು? ಹಿಂದಿನಿಂದ ಬರುವವರು ನೋಡಿಕೊಳ್ಳುತ್ತಾರೆ" ಎಂದು ಯಜಮಾನರು ವೇಗವನ್ನು ಹೆಚ್ಚಿಸುತ್ತಾರೆ.

ಹಿಂದಿನ ಸೀಟಿನಿಂದ ಹತ್ತು ವರ್ಷದ ಮಗಳ ಧ್ವನಿ: "ಅಪ್ಪ, ಲಾರಿಯ ನಂಬರನ್ನು ನಾನು ನೋಡಿದೆ."

"ನೋಡಿದ್ದನ್ನು ಮರೆತುಬಿಡು, ಮಗು."

ಈ ಯಜಮಾನರು ಕೆಟ್ಟವರೇನಲ್ಲ. ತೆರಿಗೆಯನ್ನು ಸಕಾಲಕ್ಕೆ ಕಟ್ಟುವವರು. ನೆರೆಮನೆಯವರ ಕಷ್ಟಸುಖಕ್ಕೆ ಆಗುವವರು. ಮರುದಿನ ಬೆಳಗ್ಗೆ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡು, ಯಾವುದೋ ಕೊಲೆಯ ಮೊಕದ್ದಮೆಯಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರೆಂದು ಓದಿ, "ಈ ದೇಶದಲ್ಲಿ ನ್ಯಾಯವೆಂಬುದು ಸತ್ತೇಹೋಯಿತು" ಎಂದು ಮನಸಾರೆ ನೊಂದುಕೊಳ್ಳುವವರೂ ಅವರೇ. ಹಿಂದಿನ ಸಂಜೆ ತಾವು ಮಗುವಿಗೆ ಹೇಳಿದ ಮಾತಿಗೂ ಬೆಳಗಿನ ಈ ಸುದ್ದಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ.

ಕೋರ್ಟು ಕಚೇರಿಗಳೆಂದರೆ ನಮ್ಮ ಜನರಿಗೆ ಮೊದಲಿನಿಂದಲೂ ಅಂಜಿಕೆ. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ವಾಯಿದೆಯ ಮೇಲೆ ವಾಯಿದೆ, ವಕೀಲರ ಶುಲ್ಕ, ಕೆಲಸ ಬಿಟ್ಟು ಬಂದ ದಿನದ ಕೂಲಿ ನಷ್ಟ, ಇವೆಲ್ಲದರ ಅನುಭವವನ್ನು ನಾಲ್ಕು ಮಾತುಗಳಲ್ಲಿ ಹಿಡಿದಿಟ್ಟಿರುವ ಗಾದೆ ಅದು. ಆದರೆ ಅದು ವಾದಿ ಪ್ರತಿವಾದಿಗಳನ್ನು ಕುರಿತದ್ದು. ವಾದಿಯೂ ಅಲ್ಲದ ಪ್ರತಿವಾದಿಯೂ ಅಲ್ಲದ ಸಾಮಾನ್ಯ ನಾಗರಿಕನಿಗೆ ನ್ಯಾಯಾಲಯದಲ್ಲಿ ಏನಾದರೂ ಸ್ಥಾನವಿದೆಯೆ? ಇದ್ದರೆ ಅದು ಯಾವುದು?

ಹಿಂದೆ ಅಂಥದೊಂದು ಸ್ಥಾನವಿತ್ತು. ನ್ಯಾಯನಿರ್ಣಯದಲ್ಲಿ ಊರವರು ಪಾಲುಗೊಳ್ಳುವುದು ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ವ್ಯಾಖ್ಯಾನವು ರಾಜನ ಸಭೆಯೊಂದನ್ನೇ ನ್ಯಾಯಸ್ಥಾನವೆಂದು ಹೇಳುವುದಿಲ್ಲ. ಒಂದೇ ಊರಿನ ಜನರ ಕೂಟ, ಒಂದೇ ಕಸುಬಿನವರ ಶ್ರೇಣಿ, ಬಂಧುಗಳ ಕುಲ, ಇವೂ ವ್ಯಾಜ್ಯಗಳನ್ನು ತೀರ್ಮಾನಿಸಬಲ್ಲ ಸ್ಥಾನಗಳೆಂದು ಅಲ್ಲಿ ಪರಿಗಣಿತವಾಗಿವೆ. ಊರ ಅರಳಿಕಟ್ಟೆಯ ಪಂಚಾಯಿತಿ ಇದೇ ಪರಂಪರೆಯದು. ಅದರ ಒಳಿತಿನಂತೆ ಕೆಡುಕೂ ಎಲ್ಲರಿಗೂ ತಿಳಿದದ್ದೇ. ಕಟ್ಟೆಯ ಮೇಲೆ ಕೂಡುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದು ಜಾತಿಯಿಂದಲೂ ಜಮೀನಿನಿಂದಲೂ ಮೊದಲೇ ನಿಶ್ಚಯವಾಗಿರುತ್ತಿತ್ತು.

ಇಂಗ್ಲಿಷರು ತಂದ ಜೂರಿ ಪದ್ಧತಿ ಬೇರೆ ಬಗೆಯದು. ಅಪರಾಧ ನಡೆಯಿತೆ ಇಲ್ಲವೆ ಎಂಬುದನ್ನು ಸಾಮಾನ್ಯ ನಾಗರಿಕರ ಒಂದು ಗುಂಪು ತೀರ್ಮಾನಿಸುವುದು. ಕಾನೂನನ್ನು ವಿವರಿಸಿ ಶಿಕ್ಷೆಯನ್ನು ವಿಧಿಸುವುದು ನ್ಯಾಯಾಧೀಶರ ಕೆಲಸ. ಕೇಳಲು ಇಂಪಾದ ವ್ಯವಸ್ಥೆಯೇ. ಆದರೆ ೧೯೦೮ರಲ್ಲಿ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಹೆಚ್ಚಾಗಿ ಯೂರೋಪಿಯನ್ನರೇ ಇದ್ದ ಒಂಬತ್ತು ಮಂದಿಯ ಜೂರಿಯು ಏಳು ಎರಡರ ಬಹುಮತದಿಂದ ಅವರನ್ನು ದೋಷಿ ಎಂದಿತು. ಐವತ್ತೊಂದು ವರ್ಷಗಳ ತರುವಾಯ ಅದೇ ನಗರದಲ್ಲಿ ನೌಕಾದಳದ ಕಮಾಂಡರ್ ನಾನಾವತಿಯ ಮೊಕದ್ದಮೆ ನಡೆಯಿತು. ೧೯೫೯ರ ಏಪ್ರಿಲ್‌ನಲ್ಲಿ ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ. ಜೂರಿಯ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಮಾತ್ರ ದೋಷಿ ಎಂದರು. ಸೆಷನ್ಸ್ ನ್ಯಾಯಾಧೀಶರು ಆ ಅಭಿಪ್ರಾಯವನ್ನು ಒಪ್ಪದೆ ಮೊಕದ್ದಮೆಯನ್ನು ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ೧೯೬೦ರಲ್ಲಿ ಶಿಕ್ಷೆ ವಿಧಿಸಿತು. ೧೯೬೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜೂರಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗವು ೧೯೫೮ರ ತನ್ನ ಹದಿನಾಲ್ಕನೆಯ ವರದಿಯಲ್ಲಿಯೇ ಹೇಳಿತ್ತು. ೧೯೭೪ರ ಏಪ್ರಿಲ್ ೧ರಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಎಡೆಯೇ ಉಳಿಯಲಿಲ್ಲ. ಪಾರ್ಸಿ ಸಮುದಾಯದ ವಿವಾಹ ವ್ಯಾಜ್ಯಗಳಲ್ಲಿ ಅದರ ನೆರಳೊಂದು ಮಾತ್ರ ಇನ್ನೂ ನಿಂತಿದೆ. ಇಂದಿಗೂ ಕೆಲವರು, "ಜೂರಿ ಇದ್ದಿದ್ದರೆ ಜನರ ದನಿಗೆ ಬೆಲೆ ಬರುತ್ತಿತ್ತು" ಎನ್ನುವುದುಂಟು. ಜಾತಿ, ಪಕ್ಷ, ಹಣ ಇವುಗಳ ಹಗ್ಗಜಗ್ಗಾಟವಿರುವ ತಾಲ್ಲೂಕುಗಳಲ್ಲಿ ಹನ್ನೆರಡು ಮಂದಿ ನಿಷ್ಪಕ್ಷಪಾತಿಗಳನ್ನು ಹುಡುಕಿ ಕೂರಿಸುವುದು ಸುಲಭವೆ ಎಂದು ಕೇಳಿದರೆ ಅವರೂ ಸ್ವಲ್ಪ ತಡೆದು ಉತ್ತರಿಸುತ್ತಾರೆ.

ಅದು ಹೇಗಾದರೂ ಇರಲಿ. ನಿರ್ಣಯಿಸುವ ಪೀಠದಿಂದ ನಾಗರಿಕನು ಕೆಳಗಿಳಿದದ್ದಾಯಿತು. ಅವನಿಗೆ ಉಳಿದ ಕೆಲಸಗಳು ಎರಡು. ಪೊಲೀಸರು ಶೋಧನೆ ನಡೆಸುವಾಗ ಪಂಚನಾಗಿ ನಿಂತು ಮಹಜರಿಗೆ ಸಹಿ ಹಾಕುವುದು ಒಂದು. ಕಂಡದ್ದನ್ನು ಕಟಕಟೆಯಲ್ಲಿ ನಿಂತು ಹೇಳುವುದು ಇನ್ನೊಂದು. ನೋಡಲು ಚಿಕ್ಕ ಕೆಲಸಗಳು. ಆದರೆ ಎರಡನೆಯದು ನಡೆಯದೆ ಹೋದರೆ ನ್ಯಾಯಾಧೀಶರು ಎಷ್ಟೇ ಪ್ರಾಜ್ಞರಾಗಿರಲಿ, ಕಾನೂನು ಎಷ್ಟೇ ಕಟ್ಟುನಿಟ್ಟಾಗಿರಲಿ, ಏನೂ ಪ್ರಯೋಜನವಿಲ್ಲ. ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ನಂದಿಯ ಸೀಮೆಯಲ್ಲಿಯೇ, ಚಿಂತಾಮಣಿ ತಾಲ್ಲೂಕಿನಲ್ಲಿಯೇ ಒಂದು ಇದೆ. ಅದನ್ನು ನೆನೆಯುವುದು ಸುಖಕರವಲ್ಲ.

೨೦೦೦ನೆಯ ಇಸವಿಯ ಮಾರ್ಚ್ ೧೧. ಕಂಬಾಲಪಲ್ಲಿ ಎಂಬ ಗ್ರಾಮ. ತಾಲ್ಲೂಕು ಆಗ ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು ೨೦೦೭ರಲ್ಲಿ. ಊರಿನ ಕಲಹವೊಂದು ಬೆಳೆದು, ಆ ರಾತ್ರಿ ಮನೆಗೆ ಬೆಂಕಿಯಿಟ್ಟು, ಏಳು ಮಂದಿ ದಲಿತರು ಸಜೀವವಾಗಿ ಬೆಂದುಹೋದರು. ನಾಡಿಗೆ ನಾಡೇ ಬೆಚ್ಚಿತು. ಮಂತ್ರಿಗಳು ಬಂದರು, ಮುಖಂಡರು ಬಂದರು, ಪರಿಹಾರ ಘೋಷಣೆಯಾಯಿತು. ಬಂಧನಗಳಾದವು, ದೋಷಾರೋಪಣ ಪಟ್ಟಿ ಸಿದ್ಧವಾಯಿತು, ಮೊಕದ್ದಮೆ ಕೋಲಾರದ ನ್ಯಾಯಾಲಯಕ್ಕೆ ಬಂದಿತು.

ಅಲ್ಲಿಂದ ಮುಂದೆ ವರ್ಷಗಳು ಉರುಳಿದವು. ಪ್ರತ್ಯಕ್ಷ ಸಾಕ್ಷಿಗಳೆಂದು ಪಟ್ಟಿಯಲ್ಲಿದ್ದವರು ಕಟಕಟೆಗೆ ಬಂದಾಗ ಪೊಲೀಸರ ಮುಂದೆ ಕೊಟ್ಟಿದ್ದ ಹೇಳಿಕೆಯನ್ನು ಸಮರ್ಥಿಸಲಿಲ್ಲ. ಕಾನೂನಿನ ಭಾಷೆಯಲ್ಲಿ ಅವರು 'ಪ್ರತಿಕೂಲ ಸಾಕ್ಷಿ'ಗಳಾದರು. ೨೦೦೬ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ೨೦೧೪ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಮಂದಿ ಸತ್ತದ್ದು ನಿಜ. ಬೆಂಕಿ ಹತ್ತಿದ್ದೂ ನಿಜ. ಹಚ್ಚಿದವರು ಯಾರೆಂಬ ಪ್ರಶ್ನೆಗೆ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಉತ್ತರವೇ ಇಲ್ಲ.

ನ್ಯಾಯಾಲಯವನ್ನು ಬಯ್ಯುವುದು ಸುಲಭ. ಆದರೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಪುರಾವೆಯೆಂದು ಹಿಡಿದು ಶಿಕ್ಷಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡದ್ದನ್ನೇ ಆಧಾರ ಮಾಡಿಕೊಂಡು ನಿರಪರಾಧಿಯನ್ನು ಸೆರೆಗೆ ತಳ್ಳಬಾರದೆಂಬ ಎಚ್ಚರ ಅದು. ಆ ಎಚ್ಚರ ನಮಗೂ ನಿಮಗೂ ಬೇಕಾದದ್ದೇ. ನ್ಯಾಯಾಧೀಶರು ನಂಬಬೇಕಾದದ್ದು ತಮ್ಮ ಎದುರಿನಲ್ಲಿ ಪ್ರಮಾಣ ಮಾಡಿ, ಪಾಟೀಸವಾಲನ್ನು ಎದುರಿಸಿ ನಿಂತ ಮಾತನ್ನು. ಆ ಮಾತೇ ಬಾರದಿದ್ದರೆ ಅವರು ಬರೆಯಬಹುದಾದ ತೀರ್ಪು ಒಂದೇ.

ಹಾಗಾದರೆ ಸಾಕ್ಷಿಗಳನ್ನು ದೂರಬೇಕೆ? ತಿಳಿದೂ ಸಾಕ್ಷ್ಯ ನುಡಿಯದವನು ಸುಳ್ಳು ಸಾಕ್ಷಿಗೆ ಸಮನೆಂದು, ಅವನ ಪಾಪವೂ ದಂಡನೆಯೂ ಅದಕ್ಕೆ ಸಮವೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಇಂದಿನ ಕಾನೂನೂ ಪ್ರಮಾಣ ಮಾಡಿ ಸುಳ್ಳು ಹೇಳಿದವನಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಲ್ಲದು. ಆದರೆ ಪುಸ್ತಕದಲ್ಲಿರುವ ಈ ಮಾತನ್ನು ಒಂದು ಹಳ್ಳಿಯ ಬಡವನ ಮನೆಯಂಗಳದಲ್ಲಿ ನಿಂತು ಓದಿ ನೋಡಬೇಕು. ಸಾಕ್ಷಿ ಹೇಳಬೇಕಾದವನು ಆರೋಪಿಯ ಹೊಲದಲ್ಲಿ ಕೂಲಿ ಮಾಡುವವನಾಗಿರಬಹುದು. ಅವನ ಅಂಗಡಿಯಲ್ಲಿ ಸಾಲದ ಲೆಕ್ಕವಿರುವವನಾಗಿರಬಹುದು. ಅವನ ಹೊಲದ ಬದುವನ್ನು ದಾಟಿಯೇ ನೀರಿಗೆ ಹೋಗಬೇಕಾದವನಾಗಿರಬಹುದು. ನ್ಯಾಯಾಲಯ ಸಂಜೆ ಐದು ಗಂಟೆಗೆ ಬಾಗಿಲು ಹಾಕುತ್ತದೆ; ಪೊಲೀಸ್ ವ್ಯಾನು ಹಿಂದಿರುಗುತ್ತದೆ. ಸಾಕ್ಷಿಯಾದವನು ಮಾತ್ರ ಕೊನೆಯ ಬಸ್ಸಿನಲ್ಲಿ ಅದೇ ಊರಿಗೆ ಮರಳಿ, ಅದೇ ಬೀದಿಯಲ್ಲಿ ಮಲಗಬೇಕು. 'ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ' ಎಂಬ ಗಾದೆಯನ್ನು ಪಟ್ಟಣದವರು ತಮಾಷೆಗೆ ಹೇಳುತ್ತಾರೆ. ಅಂಥ ಹಳ್ಳಿಯಲ್ಲಿ ಅದು ತಮಾಷೆಯಲ್ಲ.

ಇನ್ನು ನ್ಯಾಯಾಲಯದ ಆವರಣದಲ್ಲಿ ಸಾಕ್ಷಿಗೆ ದೊರೆಯುತ್ತಿದ್ದ ಉಪಚಾರವಾದರೂ ಎಂಥದು? ಕಂಬಾಲಪಲ್ಲಿಯ ದುರಂತ ನಡೆದ ೨೦೦೦ದಲ್ಲಿಯೇ ಸುಪ್ರೀಂ ಕೋರ್ಟು ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸಾಕ್ಷಿಗಳ ಪಾಡನ್ನು ಕಂಡು ಮರುಗಿತು. ದೂರದಿಂದ ಬಂದವನಿಗೆ ಕುಳಿತುಕೊಳ್ಳಲು ಸ್ಥಳವಿಲ್ಲ. ದಿನವೆಲ್ಲ ಕಾದ ಮೇಲೆ ಮೊಕದ್ದಮೆ ಮುಂದಕ್ಕೆ ಹೋಯಿತೆಂದು ತಿಳಿಯುತ್ತದೆ. ಖರ್ಚಿನ ಹಣ ಸಕಾಲಕ್ಕೆ ಕೈಸೇರುವುದಿಲ್ಲ. ಬೆದರಿಕೆ ಬಂದರೆ ಕಾಯುವವರಿಲ್ಲ. ಹೀಗಿರುವಾಗ ಸಾಕ್ಷಿ ಹೇಳಲು ಜನ ಹಿಂಜರಿಯುವುದರಲ್ಲಿ ಆಶ್ಚರ್ಯವೇನು ಎಂಬುದು ಆ ತೀರ್ಪಿನ ಅಭಿಪ್ರಾಯ. ಕಾನೂನು ಆಯೋಗವು ಸಾಕ್ಷಿಗಳ ರಕ್ಷಣೆಯನ್ನು ಕುರಿತು ತನ್ನ ೧೯೮ನೆಯ ವರದಿಯನ್ನು ಒಪ್ಪಿಸಿದ್ದು ೨೦೦೬ರಲ್ಲಿ. ಆ ವರ್ಷ ಮುಗಿಯುವ ಮೊದಲೇ ಕೋಲಾರದ ತೀರ್ಪು ಹೊರಬಿದ್ದಿತ್ತು.

ಅನಂತರ ಬಂದ ಬದಲಾವಣೆಗಳನ್ನು ಪಟ್ಟಣದ ಗೃಹಸ್ಥರೂ ಗೃಹಿಣಿಯರೂ ತಿಳಿದುಕೊಂಡಿರುವುದು ಒಳ್ಳೆಯದು. ಏಕೆಂದರೆ 'ಸಾಕ್ಷಿಗೆ ಹಾಕಿಕೊಳ್ಳುತ್ತಾರೆ' ಎಂಬ ಭಯದಲ್ಲಿ ಅರ್ಧಪಾಲು ಹಳೆಯ ಕಾಲದ್ದು.

ಸಾಕ್ಷಿಯನ್ನು ಬೆದರಿಸುವುದೇ ೨೦೦೬ರಿಂದ ಪ್ರತ್ಯೇಕ ಅಪರಾಧವಾಗಿದೆ. ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾನೂನಿಗೆ ೨೦೧೫ರಲ್ಲಿ ತಿದ್ದುಪಡಿಯಾಗಿ, ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಹೇಳುವ ಅಧ್ಯಾಯವೊಂದು ೨೦೧೬ರ ಜನವರಿಯಿಂದ ಜಾರಿಯಲ್ಲಿದೆ. ರಕ್ಷಣೆ, ಪ್ರಯಾಣದ ವೆಚ್ಚ, ಅಗತ್ಯ ಬಿದ್ದರೆ ಬೇರೆಡೆ ವಸತಿ, ಇವುಗಳನ್ನು ಒದಗಿಸುವುದು ಸರ್ಕಾರದ ಹೊಣೆ. ೨೦೧೮ರ ಡಿಸೆಂಬರ್ ೫ರಂದು ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯೊಂದನ್ನು ಇಡೀ ದೇಶಕ್ಕೆ ಅನ್ವಯಿಸಿತು. ಪ್ರಾಣಭಯವಿರುವ ಸಾಕ್ಷಿಯು ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಡಬಹುದು. ಪೊಲೀಸ್ ಅಧಿಕಾರಿ ಬೆದರಿಕೆಯ ಪ್ರಮಾಣವನ್ನು ಕುರಿತು ವರದಿ ಒಪ್ಪಿಸುತ್ತಾರೆ. ಮನೆಗೆ ಕಾವಲು ಹಾಕುವುದರಿಂದ ಹಿಡಿದು, ಆರೋಪಿಗೂ ಸಾಕ್ಷಿಗೂ ಮುಖಾಮುಖಿಯಾಗದಂತೆ ನೋಡಿಕೊಳ್ಳುವುದು, ವಾಸಸ್ಥಳವನ್ನು ಬದಲಿಸುವುದು, ಇವೆಲ್ಲಕ್ಕೂ ಅದರಲ್ಲಿ ಅವಕಾಶವಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಇಂಥ ಯೋಜನೆಯನ್ನು ರೂಪಿಸುವುದು ಪ್ರತಿಯೊಂದು ರಾಜ್ಯದ ಕರ್ತವ್ಯವೆಂದು ವಿಧಿಸಿದೆ. ದೃಶ್ಯ ಮತ್ತು ಶ್ರವಣ ಯಂತ್ರಗಳ ಮೂಲಕ ದೂರದಿಂದಲೇ ಸಾಕ್ಷ್ಯ ನುಡಿಯುವುದಕ್ಕೂ ಅದರಲ್ಲಿ ದಾರಿಯಿದೆ.

ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರ ವಿಷಯವಂತೂ ಇನ್ನೂ ಸ್ಪಷ್ಟವಾಗಿದೆ. ಇಂಥವರ ರಕ್ಷಣೆಗೆಂದು ಕರ್ನಾಟಕವು ೨೦೧೬ರಲ್ಲಿಯೇ ಕಾನೂನೊಂದನ್ನು ರಚಿಸಿತು. ೨೦೧೯ರಲ್ಲಿ ಮೋಟಾರು ವಾಹನ ಕಾನೂನಿಗೆ ತಿದ್ದುಪಡಿ ತಂದು ಕೇಂದ್ರವೂ ಅದೇ ರಕ್ಷಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರನ್ನು ಅಲ್ಲಿಯೇ ತಡೆದು ನಿಲ್ಲಿಸುವಂತಿಲ್ಲ. ಹೆಸರು ವಿಳಾಸಗಳನ್ನು ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗುವುದೂ ಬಿಡುವುದೂ ಅವರವರ ಇಚ್ಛೆ. ತಾವಾಗಿಯೇ ಒಪ್ಪಿದರೆ ಅವರಿಗೆ ಅನುಕೂಲವಾದ ವೇಳೆಯಲ್ಲಿ, ಅನುಕೂಲವಾದ ಸ್ಥಳದಲ್ಲಿ ಹೇಳಿಕೆ ಪಡೆಯಬೇಕು. ಮತ್ತೆ ಮತ್ತೆ ಅಲೆಸಬಾರದು.

ಕಾಗದದ ಮೇಲಿನ ನಿಯಮ ಕಚೇರಿಯ ಮೇಜನ್ನು ತಲುಪಲು ತಡವಾಗುತ್ತದೆಂಬುದನ್ನು ಯಾರೂ ಅಲ್ಲಗಳೆಯಲಾರರು. ವಾಯಿದೆಗಳು ಪೂರ್ತಿಯಾಗಿ ನಿಂತಿಲ್ಲ. ಬೆದರಿಕೆಯೂ ನಿಂತಿಲ್ಲ. ಆದರೆ ಹಕ್ಕೊಂದು ಇದೆಯೆಂದು ತಿಳಿಯದಿದ್ದರೆ ಅದನ್ನು ಕೇಳುವವರೇ ಇರುವುದಿಲ್ಲ. ಕೇಳುವವರಿಲ್ಲದ ಹಕ್ಕನ್ನು ಯಾವ ಅಧಿಕಾರಿಯೂ ಮನೆಬಾಗಿಲಿಗೆ ತಂದುಕೊಡುವುದಿಲ್ಲ. ಮತ್ತೊಂದು ಮಾತು. ಹಳ್ಳಿಯ ಕೂಲಿಕಾರನು ಕಟಕಟೆ ಹತ್ತಿದರೆ ಕಳೆದುಕೊಳ್ಳಬೇಕಾದದ್ದು ಅವನ ಅನ್ನ, ಕೆಲವೊಮ್ಮೆ ಅವನ ಪ್ರಾಣ. ಪಟ್ಟಣದ ಗೃಹಸ್ಥನು ಕಳೆದುಕೊಳ್ಳುವುದು ಹೆಚ್ಚೆಂದರೆ ಎರಡು ದಿನಗಳ ರಜೆ. ಎರಡು ದಿನಗಳ ರಜೆಯನ್ನು ಬಿಡಲೊಲ್ಲದವನು, ಪ್ರಾಣವನ್ನು ಪಣವೊಡ್ಡಲಿಲ್ಲವೆಂದು ಕಂಬಾಲಪಲ್ಲಿಯ ಸಾಕ್ಷಿಗಳನ್ನು ಯಾವ ಬಾಯಿಂದ ದೂರಬಲ್ಲನು?

ಇದೇ ಸೀಮೆಯ ಇನ್ನೊಂದು ಮೂಲೆಯಲ್ಲಿ, ಗೌರಿಬಿದನೂರಿನ ಬಳಿ, ವಿದುರಾಶ್ವತ್ಥವೆಂಬ ಕ್ಷೇತ್ರವಿದೆ. ವಿದುರನು ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥವೃಕ್ಷದ ನೆರಳು. ಸುತ್ತಲೂ ಹರಕೆಯ ನಾಗರಕಲ್ಲುಗಳು. ೧೯೩೮ರ ಏಪ್ರಿಲ್ ೨೫ರಂದು, ಧ್ವಜಾರೋಹಣಕ್ಕೆ ಮೈಸೂರು ಸರ್ಕಾರ ಒಡ್ಡಿದ ನಿಷೇಧವನ್ನು ಮೀರಿ ಅಲ್ಲಿ ಜನ ನೆರೆದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ವಿಚಾರಣೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ನಡೆದ ಒಪ್ಪಂದದಂತೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಹಳೆಯ ಮರ ೨೦೦೧ರಲ್ಲಿ ಉರುಳಿತು. ಮಡಿದವರ ನೆನಪಿನ ಸ್ಮಾರಕ ನಿಂತಿದೆ.

ಅಂದು ಅಲ್ಲಿ ನೆರೆದವರಲ್ಲಿ ಹೆಚ್ಚಿನವರು ಸುತ್ತಣ ಹಳ್ಳಿಗಳ ಸಾಮಾನ್ಯ ಜನರೇ. ಬಂದೂಕಿನ ಎದುರು ನಿಲ್ಲಬಲ್ಲ ಧೈರ್ಯ ಈ ನೆಲದಲ್ಲಿ ಇರಲಿಲ್ಲವೆನ್ನುವಂತಿಲ್ಲ. ವಿದುರಾಶ್ವತ್ಥದಲ್ಲಿ ಸಾವಿರಾರು ಮಂದಿ ಒಟ್ಟಾಗಿ ನಿಂತಿದ್ದರು. ಕಟಕಟೆಯಲ್ಲಿ ಸಾಕ್ಷಿ ಒಬ್ಬನೇ ನಿಲ್ಲಬೇಕು. ವ್ಯತ್ಯಾಸವಿರುವುದು ಇಲ್ಲಿ. ಅವನ ಜೊತೆಗೆ ನಾಲ್ಕು ಜನ ಬಸ್ಸು ಹತ್ತಿ ಬಂದು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರೆ, ಸಂಜೆ ಅವನೊಡನೆಯೇ ಊರಿಗೆ ಹಿಂದಿರುಗಿದರೆ, ಅವನ ಕೂಲಿ ತಪ್ಪಿದ ದಿನ ಒಲೆ ಆರದಂತೆ ನೋಡಿಕೊಂಡರೆ, ಅದೂ ಒಂದು ಬಗೆಯ ನ್ಯಾಯದಾನವೇ. ಅದಕ್ಕೆ ಜೂರಿಯ ಪೀಠ ಬೇಕಾಗಿಲ್ಲ. ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕೆಂಬುದೇ ನಿಯಮವಾಗಿರುವುದರಿಂದ ಸಾಮಾನ್ಯವಾಗಿ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಹೆದ್ದಾರಿಯಲ್ಲಿ ಬಿಟ್ಟುಬಂದ ಕುಟುಂಬದ ಕಡೆಗೆ ಒಮ್ಮೆ ಹಿಂದಿರುಗಿ ನೋಡೋಣ. ಕಾರು ದೇವನಹಳ್ಳಿಯನ್ನು ದಾಟಿದೆ. ಯಾರೂ ಮಾತನಾಡುತ್ತಿಲ್ಲ. ಹಿಂದಿನ ಸೀಟಿನಲ್ಲಿ ಮಗಳು, ಮರೆತುಹೋದೀತೆಂಬ ಭಯದಿಂದ, ಲಾರಿಯ ನಂಬರನ್ನು ಶಾಲೆಯ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದಾಳೆ. ಯಜಮಾನರು ರಸ್ತೆಯ ಬದಿಗೆ ಗಾಡಿಯನ್ನು ನಿಲ್ಲಿಸಿ, ದೂರವಾಣಿಯಲ್ಲಿ ೧೧೨ಕ್ಕೆ ಕರೆ ಮಾಡಿ, ಅಪಘಾತವಾದ ಸ್ಥಳವನ್ನೂ ಆ ನಂಬರನ್ನೂ ತಿಳಿಸಲು ಇನ್ನೂ ಕಾಲ ಮೀರಿಲ್ಲ.